ಟೈಲರ್ ಅಕ್ಕನ ಫೋನಿನೊಳಗಿನ ಅಳತೆಗಳು

ಟೈಲರ್ ಅಕ್ಕನಿಗೆ ಸೂಜಿಗೆ ದಾರ ಪೋಣಿಸುವುದೇ ಕಷ್ಟವಾಗಿತ್ತು. ಸಂಜೆಯಾದರೆ ಕಣ್ಣುರಿ. ಹಾಗಂತ ಹೊಲಿಗೆ ಮುಗಿದ ಮೇಲೆ ಫೋನು ಬಿಡುತ್ತಿದ್ದರೇ? ಅದೂ ಇಲ್ಲ.

ಒಂದು ದಿನ ಆರೋಗ್ಯ ಕಾರ್ಯಕರ್ತೆ ಅಂಗಡಿಗೆ ಬಂದರು. "ಅಕ್ಕಾ, ಹೊಲಿಯೋರ ಕಣ್ಣಿಗೆ ಫೋನು ಎಷ್ಟು ತೊಂದ್ರೆ ಕೊಡುತ್ತೆ ಅಂತ ಸಂಶೋಧನೆ ನಡೀತಿದೆ. ನಿಮ್ಮ ಫೋನಿಗೆ ಒಂದು ಆ್ಯಪ್ ಹಾಕ್ಲಾ? ಒಂದೇ ತಿಂಗಳು."

ಅಕ್ಕ ಫೋನನ್ನು ಬಟ್ಟೆ ರಾಶಿಯ ಕೆಳಗೆ ತಳ್ಳಿದರು. "ಬೇಡಮ್ಮಾ! ಬೀದಿ ಹೆಂಗಸರ ಅಳತೆಯೆಲ್ಲ ಇದರಲ್ಲೇ ಫೋಟೋ ತೆಗೆದಿಟ್ಟಿದ್ದೀನಿ. ಒಂದು ಹೊರಗೆ ಹೋದ್ರೂ ಅಂಗಡಿ ಮುಚ್ಚಬೇಕು."

"ನಿನ್ನ ಸೊಂಟದ ಅಳತೆ ಹೋದ್ರೆ ಊರೇ ಬೆಚ್ಚಿಬೀಳುತ್ತೆ," ಗುಂಡಿ ಹೊಲಿಯುತ್ತಿದ್ದ ಅತ್ತೆ ನಕ್ಕರು.

"ಸುಮ್ನಿರಿ ಅತ್ತೆ!"

"ಈ ಆ್ಯಪ್ ಫೋಟೋ ನೋಡಲ್ಲ, ಮೆಸೇಜ್ ಓದಲ್ಲ. ಸ್ಕ್ರೀನ್ ಎಷ್ಟು ಹೊತ್ತು ಆನ್ ಇತ್ತು, ಅಷ್ಟೇ. ಹೆಸರಿನ ಬದಲು ನಿಮಗೊಂದು ನಂಬರ್," ಎಂದರು ಕಾರ್ಯಕರ್ತೆ. "ಗುಂಡಿ ತೂತಿಗೆ ಕಾಜಾ ಹಾಕಿಸೋಕೆ ಬಟ್ಟೆ ಹೊರಗೆ ಕಳಿಸುವಾಗ ನೀವೇನು ಮಾಡ್ತೀರಿ?"

"ನಂಬರ್ ಚೀಟಿ ಚುಚ್ಚಿ ಕಳಿಸ್ತೀನಿ. ಯಾವುದು ಯಾರದು ಅನ್ನೋ ಪುಸ್ತಕ ನನ್ನ ಡ್ರಾಯರ್‌ನಲ್ಲೇ ಇರುತ್ತೆ."

"ಇಲ್ಲೂ ಹಾಗೇ."

"ಮತ್ತೆ ನಿಮ್ಮ ಪುಸ್ತಕ ಯಾರ ಹತ್ರ?"

ಕಾರ್ಯಕರ್ತೆ ಒಪ್ಪಿಗೆ ಪತ್ರ ತೆಗೆದು ನಿಧಾನವಾಗಿ ಓದಿದರು. ಯಾವ ನಂಬರ್ ಯಾರದು ಎಂಬ ಪಟ್ಟಿ ಇರುವುದು ಸಂಶೋಧನೆಯ ಮುಖ್ಯಸ್ಥೆಯ ಬಳಿ ಮಾತ್ರ. ಕೆಲಸ ಮುಗಿದ ಮೇಲೆ ಅಳಿಸುತ್ತಾರೆ. ಬೇಡವೆನಿಸಿದ ದಿನ ಬಿಡಬಹುದು.

ಅಕ್ಕ ಒಪ್ಪಿ ತಲೆಯಾಡಿಸಿದರು. ಆ್ಯಪ್ ಹಾಕಿದ್ದೇ ತಡ, 'ಫೋಟೋ ನೋಡಲು ಅನುಮತಿ ಕೊಡುತ್ತೀರಾ?' ಎಂದು ಕೇಳಿತು.

"ನೋಡಲ್ಲ ಅಂದ್ರಲ್ಲ! ಕಾಗದದಲ್ಲೂ ಇಲ್ವಲ್ಲ!"

ಕಾರ್ಯಕರ್ತೆಯ ಮುಖ ಸಣ್ಣದಾಯಿತು. ತಕ್ಷಣ ಸಂಶೋಧಕರಿಗೆ ಫೋನು ಹಚ್ಚಿದರು. ಆ ಪ್ರಶ್ನೆ ಆ್ಯಪ್‌ನಲ್ಲಿ ತಪ್ಪಾಗಿ ಉಳಿದುಬಿಟ್ಟಿದೆ, ತೆಗೆಯುತ್ತೇವೆ ಎಂದರು ಅವರು.

"ತೆಗೆದ ಮೇಲೆ ಬನ್ನಿ," ಎಂದು ಅಕ್ಕ ಆ್ಯಪ್ ಅಳಿಸಿಯೇಬಿಟ್ಟರು.

ಮುಂದಿನ ವಾರ ಕಾರ್ಯಕರ್ತೆ ಮತ್ತೆ ಬಂದರು. ಈ ಸಲ ಹಾಕಿದ ಆ್ಯಪ್‌ನಲ್ಲಿ ಫೋಟೋದ ಮಾತೇ ಇರಲಿಲ್ಲ. ಅಕ್ಕ ಎರಡೆರಡು ಸಲ ನೋಡಿ, ತಾವೇ 'ಒಪ್ಪಿಗೆ' ಒತ್ತಿದರು.

"ನನ್ನ ಫೋನಿಗೂ ಹಾಕಮ್ಮಾ," ಎಂದು ಅತ್ತೆ ಕೈಚಾಚಿದರು. "ಇವಳು ಇಷ್ಟು ಜಾಲಾಡಿದ ಮೇಲೆ ನನಗೇನು ಭಯ?"

ಅಕ್ಕಂದಿರೇ, ಅಣ್ಣಂದಿರೇ, ನೀವು ಕೊಡುವ ಮಾಹಿತಿಯಿಂದ ನಾಳೆ ಯಾರದೋ ಕಣ್ಣು ಉಳಿದೀತು. ಧಾರಾಳವಾಗಿ ಕೊಡಿ. ಆದರೆ ಏನು ತೆಗೆದುಕೊಳ್ಳುತ್ತೀರಿ, ಯಾರ ಬಳಿ ಇರುತ್ತದೆ, ನಡುವೆ ಬಿಡಬಹುದೇ ಎಂದು ಕೇಳಿಯೇ ಕೊಡಿ. ಕೇಳಿದ್ದಕ್ಕೆ ಮುಖ ಗಂಟಿಕ್ಕುವವರ ಕೈಗೆ ಮಾತ್ರ ನಿಮ್ಮ ಫೋನು ಕೊಡಬೇಡಿ.