ಹುಣಸೆಹಣ್ಣಿನ ಹೊಳಪು

ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಪಾಳುಬಿದ್ದ ಸ್ಮಶಾನವೊಂದರಲ್ಲಿ ಡಾಕ್ಟರೊಬ್ಬರ ಹೆಂಡತಿ ಶಕುಂತಲಾ ಮೂರು ಶನಿವಾರಗಳಿಂದ ಒಂದೇ ಗೋರಿಕಲ್ಲನ್ನು ತಿಕ್ಕುತ್ತಿದ್ದಳು. ಬರೀ ನೀರು, ಮೆತ್ತನೆಯ ಬ್ರಶ್, ಅಷ್ಟೇ ಎಂದು ಹಳೆಯ ಗೋರಿಗಳನ್ನು ತೊಳೆಯುವ ಸ್ವಯಂಸೇವಕರ ತಂಡದ ಕಟ್ಟಪ್ಪಣೆ. ಊರಿನ ಮೊದಲ ಗಿರಣಿ ಕೆಲಸಗಾರರ ಕಾಲದ ಪಾಚಿ ಜಪ್ಪಯ್ಯ ಎಂದರೂ ಬಿಡಲಿಲ್ಲ.

“ಇವರು ಜನ್ಮದಲ್ಲಿ ಒಂದು ತಂಬಿಗೆ ಬೆಳಗಿದ್ದಾರಾ?” ಎಂದು ಗೊಣಗಿದವಳು ನಾಲ್ಕನೆಯ ಶನಿವಾರ ಹುಣಸೆಹಣ್ಣು, ಉಪ್ಪು, ಪಾತ್ರೆ ತಿಕ್ಕುವ ಸ್ಟೀಲ್ ನಾರು ತಂದೇಬಿಟ್ಟಳು. ಸಿಟ್ಟನ್ನೆಲ್ಲ ರಟ್ಟೆಗಿಳಿಸಿ ತಿಕ್ಕಿದಳು. ಅಮೃತಶಿಲೆ ದೇವರಮನೆಯ ದೀಪದಂತೆ ಫಳಫಳ ಹೊಳೆಯಿತು.

“ಮೇಧಾ, ಬಾರೇ ಇಲ್ಲಿ! ಹತ್ತೇ ನಿಮಿಷ, ನೋಡು!”

ಒಬ್ಬೊಬ್ಬರೂ ತಮ್ಮ ಪಾಲಿನ ಕಲ್ಲು ನೋಡಿ ಬರೆದುಕೊಟ್ಟ ಸತ್ತವರ ಹೆಸರುಗಳನ್ನು ಪುಸ್ತಕಕ್ಕೆ ಇಳಿಸುತ್ತಿದ್ದ ವಿದ್ಯಾರ್ಥಿನಿ ಮೇಧಾ ಓಡಿಬಂದು ಕಲ್ಲಿನ ಮೇಲೆ ಬೆರಳಾಡಿಸಿದಳು. ಮಳೆಗೆ ಮೊದಲೇ ಸವೆದಿದ್ದ ಅಕ್ಷರಗಳು ಬಿಳಿಯ ಹುಡಿಯಾಗಿ ಹುಲ್ಲಿನ ಮೇಲೆ ಉದುರಿದ್ದವು.

“ಅಯ್ಯೋ ಆಂಟಿ, ಹುಳಿ ಮಾರ್ಬಲ್ಲನ್ನ ತಿಂದುಹಾಕತ್ತೆ! ಹೋಗ್ಲಿ, ಹೆಸರು ಮೊದ್ಲೇ ಬರ್ಕೊಂಡಿದ್ರಲ್ಲ?”

ಶಕುಂತಲಾ ಕೈಯಲ್ಲಿದ್ದ ಹುಣಸೆಯ ಗಸಿಯನ್ನೇ ನೋಡಿದಳು.

“ಹೊಳೆದ ಮೇಲೆ ಬರ್ಕೊಳ್ಳೋಣ ಅಂತಿದ್ದೆ ಕಣೇ.”