ಹೊಸ್ತಿಲ ಮೇಲೆ ಕೂರಬೇಕಾದವಳು

ಬುಧವಾರ ಮಧ್ಯಾಹ್ನ ಸಂಸತ್ತಿನ ಊಟದ ಕೋಣೆಯಲ್ಲಿ ಸದಸ್ಯೆ ಮಸೋಜಿ ಮೆಕ್ಕೆಜೋಳದ ಸಿಮಾ ಮುದ್ದೆಯನ್ನು ಇನ್ನೂ ಮುರಿದಿರಲಿಲ್ಲ, ಅಷ್ಟರಲ್ಲಿ ಫೋನು ಬಂದಿದೆಯೆಂದು ಕರೆದರು. ಆ ಕಡೆ ಇದ್ದವಳು ತಮ್ಮನ ಹೆಂಡತಿ ತೊವೆಲಾ. ಊರ ಹತ್ತಿರದ ಮಿಷನ್ ಆಸ್ಪತ್ರೆಯಿಂದ ಮಾತಾಡುತ್ತಿದ್ದಳು.

"ಅಕ್ಕ, ನಿಮ್ಮ ತಮ್ಮ ಹೋಗಿಬಿಟ್ರು. ಬೆಳಿಗ್ಗೆ ಹತ್ತು ಗಂಟೆಗೆ."

ತಮ್ಮ ಖುಂಬೊಗೆ ಮೂರು ದಿನದಿಂದ ಜ್ವರ ಅಂತ ಗೊತ್ತಿತ್ತು, ಅಷ್ಟೇ. ನಲವತ್ತೊಂದು ವರ್ಷದ ಶಾಲಾ ಮೇಷ್ಟ್ರು, ಜ್ವರಕ್ಕೆಲ್ಲ ಸಾಯುವ ಆಳಲ್ಲ. ಅವನನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳು ಮಸೋಜಿ.

"ನಾಳೆ ಮಧ್ಯಾಹ್ನ ಮಣ್ಣು," ಎಂದಳು ತೊವೆಲಾ. "ನೀವು ಇವತ್ತೇ ಹೊರಡಿ. ಬಂದು ಹೊಸ್ತಿಲ ಮೇಲೆ ಕೂತ್ರೆ ಸಾಕು, ನನಗೆ ಬೇರೇನೂ ಬೇಡ."

ಅವರ ಕುಲದ ಪದ್ಧತಿ ಅದು. ಗಂಡಸು ಸತ್ತರೆ ಅವನ ಹಿರಿಯಕ್ಕ ಮನೆಯ ಬೀಗದ ಕೈಯನ್ನು ಸೊಂಟದ ಬಟ್ಟೆಗೆ ಗಂಟು ಹಾಕಿಕೊಂಡು ಹೊಸ್ತಿಲ ಮೇಲೆ ಕೂರಬೇಕು. ಅವಳಾಗಿ ಎದ್ದು ದಾರಿ ಬಿಡುವ ತನಕ ಒಳಗಿನಿಂದ ಒಂದು ಚಮಚವನ್ನೂ ಯಾರೂ ಎತ್ತುವಂತಿಲ್ಲ. ಅವಳು ಬರದಿದ್ದರೆ ಬೀಗದ ಕೈ ಸತ್ತವನ ಚಿಕ್ಕಪ್ಪನಿಗೆ ಹೋಗುತ್ತದೆ. ಚಿಕ್ಕಪ್ಪನ ಕೈಗೆ ಹೋಯಿತೆಂದರೆ ವಿಧವೆಗೆ ಉಳಿಯುವುದು ಉಟ್ಟ ಬಟ್ಟೆ ಮಾತ್ರ, ಮಕ್ಕಳು ಸಹ ಗಂಡನ ಕಡೆಯವರ ಪಾಲು.

ಇದನ್ನು ಮಸೋಜಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಗಂಡನ ಮನೆ, ಸಾಮಾನು, ಮಕ್ಕಳು ಹೆಂಡತಿಗೇ ಸೇರಬೇಕು ಅನ್ನುವ ಮಸೂದೆಗಾಗಿ ಅವಳು ಏಳು ವರ್ಷ ಗಂಟಲು ಹರಿದುಕೊಂಡಿದ್ದಳು. ಎರಡು ಸಲ ಅದನ್ನು ಸಮಿತಿಗೆ ತಳ್ಳಿ ಕೊಳೆಹಾಕಿದ್ದರು. ಕೊನೆಗೂ ಮತಕ್ಕೆ ಬರಲಿದ್ದುದು ನಾಳೆ, ಗುರುವಾರ. ಸದಸ್ಯರ ಸ್ವಂತ ಮಸೂದೆಗಳಿಗೆ ವಾರಕ್ಕೆ ಅದೊಂದೇ ದಿನ. ಸೋಮವಾರ ಚುನಾವಣೆಗಾಗಿ ಸದನ ವಿಸರ್ಜನೆ. ಅಷ್ಟರೊಳಗೆ ಪಾಸಾಗದ ಮಸೂದೆ ಸತ್ತ ಹಾಗೇ. ಅರವತ್ತೊಂದರ ಮಸೋಜಿಗೆ ಈ ಸಲ ಪಕ್ಷ ಟಿಕೆಟ್ಟೂ ಕೊಟ್ಟಿರಲಿಲ್ಲ. ಅವಳ ಕ್ಷೇತ್ರವನ್ನು ಯಾರೋ ಬಸ್ಸಿನ ಮಾಲೀಕನಿಗೆ ಕೊಟ್ಟಾಗಿತ್ತು.

"ನಾಳೆ ಮೂರಕ್ಕೆ ನನ್ನ ಮಸೂದೆ ಇದೆ, ತೊವೆಲಾ. ಮುಗಿದ ತಕ್ಷಣ ಹೊರಡ್ತೀನಿ. ಅದು ಪಾಸಾದ್ರೆ ಇನ್ಮೇಲೆ ಯಾರ ಮನೆ ಹೊಸ್ತಿಲ ಮೇಲೂ ಯಾರೂ ಕಾವಲು ಕೂರಬೇಕಾಗಿಲ್ಲ ಕಣೆ."

"ಇನ್ಮೇಲಿಂದು ಆಮೇಲೆ ಅಕ್ಕ. ನಾಳೆಗೆ ಯಾರು?"

"ನಾನು ಬರೋ ತನಕ ಏನೂ ಮುಟ್ಟಬೇಡಿ ಅಂತ ಮಪೋಪ ಚಿಕ್ಕಪ್ಪನಿಗೆ ಹೇಳ್ತೀನಿ. ನನ್ನ ಮಾತು ತೆಗೆದುಹಾಕಲ್ಲ ಅವರು."

ತೊವೆಲಾ "ಆಗಲಿ ಅಕ್ಕ," ಎಂದು ಫೋನಿಟ್ಟಳು.

ಮಸೋಜಿ ಚಿಕ್ಕಪ್ಪನನ್ನು ಊರಿನ ಅಂಗಡಿಯ ಫೋನಿಗೆ ಕರೆಸಿದಳು. ಮುದುಕ ಎಲ್ಲ ಕೇಳಿಸಿಕೊಂಡು ಮೆತ್ತಗೆ ಹೇಳಿದ: "ನೀನು ನಿನ್ನ ದೊಡ್ಡ ಕೆಲಸ ನೋಡ್ಕೊ ಮಗಳೇ. ಇಲ್ಲಿ ಎಲ್ಲಾ ಪದ್ಧತಿ ಪ್ರಕಾರ ಮಾಡ್ತೀವಿ." ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ ನೋಡಿ. ಮಂತ್ರಿಗಳ ಮಾತಿನ ಸಂದುಗೊಂದಿನಲ್ಲಿ ಅಡಗಿದ್ದನ್ನು ಹದಿನೈದು ವರ್ಷ ಹೆಕ್ಕಿ ತೆಗೆದ ಹೆಂಗಸಿಗೆ ಸ್ವಂತ ಚಿಕ್ಕಪ್ಪನ ಮಾತು ಅರ್ಥವಾಗಲಿಲ್ಲ. ಆಗದಿರಲೆಂದೇ ಅವಳ ಮನಸ್ಸು ಬಯಸಿತ್ತು ಅಂತ ಹೇಳಿದರೂ ತಪ್ಪಲ್ಲ.

ಅವಳು ಆ ಸದನಕ್ಕೆ ಬಂದಾಗ ಹೆಂಗಸರು ನಾಲ್ಕೇ ಜನ. ಮೊದಲ ಸಲ ಮಾತಿಗೆದ್ದಾಗ ಮಂತ್ರಿಯೊಬ್ಬ ಕೂತಲ್ಲಿಂದಲೇ ಛೇಡಿಸಿದ್ದ: "ತಾಯಿ, ನೀವಿಲ್ಲಿದ್ರೆ ಯಜಮಾನ್ರಿಗೆ ಅಡುಗೆ ಯಾರು ಮಾಡ್ತಾರೆ?" ಗಂಡಸರೆಲ್ಲ ಮೇಜು ಕುಟ್ಟಿ ನಕ್ಕರು. ಮಸೋಜಿ ನಗು ಮುಗಿಯುವ ತನಕ ಕಾದಳು. "ಯಜಮಾನ್ರು ಸತ್ತು ನಾಲ್ಕು ವರ್ಷ ಆಯ್ತು, ಮಾನ್ಯರೇ. ಅವರ ಅಣ್ಣಂದಿರು ಮನೆ ಸಾಮಾನೆಲ್ಲ ಪಾತ್ರೆ ಸಮೇತ ಹೊತ್ಕೊಂಡು ಹೋದ್ರು. ಅಡುಗೆ ಯಾವುದರಲ್ಲಿ ಮಾಡ್ಲಿ ಅಂತ ಕೇಳೋಕೇ ಇಲ್ಲಿಗೆ ಬಂದಿದ್ದು." ಆಮೇಲೆ ಯಾರೂ ಅವಳನ್ನು ಛೇಡಿಸಲಿಲ್ಲ. ಸೂಲಗಿತ್ತಿಯರ ಸಂಬಳ, ಕೊಳವೆಬಾವಿ, ಬಸುರಾದ ಹುಡುಗಿಯರನ್ನು ಶಾಲೆಯಿಂದ ಓಡಿಸುವುದು, ಎಲ್ಲದಕ್ಕೂ ಎದ್ದು ನಿಂತಳು. ಅವಳು ಏಳುತ್ತಾಳೆಂದರೆ ಮಂತ್ರಿಗಳು ಹಿಂದಿನ ದಿನವೇ ಕಾಗದಪತ್ರ ಓದಿಕೊಂಡು ಬರುತ್ತಿದ್ದರು.

ಗುರುವಾರ ಸದನ ನಡೆಯಲು ಕನಿಷ್ಠ ಐವತ್ತು ಜನ ಬೇಕಿತ್ತು. ಅರ್ಧಕ್ಕರ್ಧ ಜನ ಆಗಲೇ ಮತ ಕೇಳಲು ಊರು ಸೇರಿದ್ದರು. ಮಸೋಜಿ ಊಟದ ಕೋಣೆ, ಪಡಸಾಲೆ, ಕಾರು ನಿಲ್ಲಿಸುವ ಜಾಗ ಒಂದೂ ಬಿಡದೆ ಸುತ್ತಿ, ಸಿಕ್ಕವರ ತೋಳು ಹಿಡಿದು ಎಳೆತಂದಳು. ಐವತ್ತಮೂರು ಜನ ಆದರು.

ಮಾತಾಡಲು ನಿಂತಾಗ ಗಡಿಯಾರ ಮೂರೂ ಹತ್ತು ತೋರಿಸುತ್ತಿತ್ತು. ಅಲ್ಲಿ ಖುಂಬೊನ ಮೇಲೆ ಮಣ್ಣು ಹಾಕಿಯಾಗಿರುತ್ತದೆ ಎಂದು ಅವಳಿಗೆ ಹೊಳೆಯಿತು. ಅದನ್ನು ಸದನಕ್ಕೆ ಹೇಳಲಿಲ್ಲ. ಹೇಳಿದರೆ ಅಳುತ್ತೇನೆ, ಅತ್ತರೆ ಹೆಂಗಸು ಅತ್ತಳು ಅನ್ನುತ್ತಾರೆ ಎಂಬ ಅಳುಕು. ಒಬ್ಬೊಬ್ಬ ವಿಧವೆಯ ಹೆಸರು, ಊರು ಹೇಳುತ್ತ ಹೋದಳು. ಆಳುವ ಪಕ್ಷದ ಸಾಲಿನಿಂದ ಒಬ್ಬೊಬ್ಬರೇ ಕೆಮ್ಮುತ್ತ ಎದ್ದು ಹೊರಗೆ ಹೋಗುವುದು ಅವಳ ಕಣ್ಣಿಗೆ ಬಿದ್ದೇ ಬಿತ್ತು. ಮಾತನ್ನು ಚುಟುಕಾಗಿ ಮುಗಿಸಿ ಮತಕ್ಕೆ ಹಾಕಿ ಎನ್ನುವಷ್ಟರಲ್ಲಿ ಎದುರಿನ ಅದೇ ಸಾಲಿನಲ್ಲಿ ಲುಸುಂಗು ಎದ್ದಳು. ಮೂವತ್ತೆರಡರ ಹುಡುಗಿ, ಮೊದಲ ಸಲ ಗೆದ್ದವಳು.

"ಸಭಾಧ್ಯಕ್ಷರೇ, ಸದನದಲ್ಲಿ ಐವತ್ತು ಜನ ಇಲ್ಲ. ಎಣಿಸಬೇಕೆಂದು ಕೋರುತ್ತೇನೆ."

ಆ ನಿಯಮವನ್ನು ಪುಸ್ತಕ ತೆರೆದು, ಬೆರಳಿಟ್ಟು ಅವಳಿಗೆ ತೋರಿಸಿಕೊಟ್ಟಿದ್ದೇ ಮಸೋಜಿ. ಐದು ನಿಮಿಷ ಗಂಟೆ ಬಾರಿಸಿದರು. ಹೊರಗೆ ಹೋದವರು ಗಾಜಿನ ಬಾಗಿಲಿನಾಚೆ ಸಿಗರೇಟು ಸೇದುತ್ತ ಕಾಣುವ ಹಾಗೇ ನಿಂತಿದ್ದರು. ಒಬ್ಬನೂ ಒಳಗೆ ಕಾಲಿಡಲಿಲ್ಲ. ಗುಮಾಸ್ತ ಎಣಿಸಿ ನಲವತ್ತನಾಲ್ಕು ಎಂದ. ಅಧ್ಯಕ್ಷರು ಸುತ್ತಿಗೆ ಕುಟ್ಟಿ ಎದ್ದರು. ಏಳು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು.

ಪಡಸಾಲೆಯಲ್ಲಿ ಲುಸುಂಗು ಹಿಂದೆಯೇ ಬಂದಳು. "ದೊಡ್ಡಮ್ಮ, ಟಿಕೆಟ್ ಪಟ್ಟಿ ಇನ್ನೂ ನಮ್ಮ ಪಕ್ಷದ ಮುಖಂಡರ ಜೇಬಲ್ಲೇ ಇದೆ. ಎದ್ದು ಹೇಳು ಅಂದ್ರು, ಹೇಳ್ದೆ. ಬೈಯಿರಿ ನನ್ನ."

"ಬೈದ್ರೆ ಎಣಿಕೆ ಜಾಸ್ತಿ ಆಗುತ್ತಾ? ದಾರಿ ಬಿಡು. ಇವತ್ತು ನನ್ನ ತಮ್ಮನ್ನ ಮಣ್ಣು ಮಾಡಿದಾರೆ."

ಲುಸುಂಗು ಪಕ್ಕಕ್ಕೆ ಸರಿದಳು. ಮಸೋಜಿ ನಿಲ್ಲಲಿಲ್ಲ.

ರಾತ್ರಿ ದಾರಿಯಲ್ಲಿ ಒಂದು ಕಡೆ ಉಳಿದು, ಶುಕ್ರವಾರ ಹತ್ತು ಗಂಟೆಗೆ ಅವಳ ಹಳೆಯ ಜೀಪು ಊರು ಸೇರಿತು. ಖುಂಬೊನ ಮನೆಗೆ ಬಾಗಿಲೇ ಇರಲಿಲ್ಲ. ಚೌಕಟ್ಟಿನ ಸಮೇತ ಕಿತ್ತಿದ್ದರು. ಛಾವಣಿಯ ತಗಡು ಅರ್ಧ ಇಳಿದಿತ್ತು. ಅಂಗಳದಲ್ಲಿ ತಲೆ ಬೋಳಿಸಿಕೊಂಡ ತೊವೆಲಾ, ಪಕ್ಕದಲ್ಲಿ ಮೂರು ವರ್ಷದ ಕೊನೆಯ ಮಗಳು. ಮಸೋಜಿ ಅವಳ ಮುಖ ನೋಡಲಾರದೆ ಮೊದಲು ಗೋರಿಯ ಹತ್ತಿರ ಹೋಗಿ, ಹಸಿ ಮಣ್ಣಿನ ಮೇಲೆ ಕೂತು ಮನಸಾರೆ ಅತ್ತಳು.

ವಾಪಸು ಬಂದಾಗ ಜೀಪಿನ ಹಿಂಬದಿಯಲ್ಲಿ ಹೊಲಿಗೆ ಮಷೀನೊಂದನ್ನು ಏರಿಸಿ ಹಗ್ಗ ಬಿಗಿದಿದ್ದರು. ತೊವೆಲಾಳದು. ಊರಿನ ಮಕ್ಕಳಿಗೆಲ್ಲ ಶಾಲೆಯ ಅಂಗಿ ಹೊಲಿದು ಸಂಸಾರ ತೂಗಿಸಿದ ಮಷೀನು.

"ಇದು ಅಕ್ಕನ ಪಾಲು," ಎಂದ ಮಪೋಪ ಚಿಕ್ಕಪ್ಪ. "ನೀನಿಲ್ಲ ಅಂತ ನಿನ್ನ ಮರೀತೀವಾ?"

"ಇಳಿಸಿ ಅದನ್ನ. ಎಲ್ಲಾ ವಾಪಸ್ ತನ್ನಿ. ಇಲ್ದಿದ್ರೆ ಒಬ್ಬೊಬ್ಬರನ್ನೂ ಜೈಲಿಗೆ ಹಾಕಿಸ್ತೀನಿ."

"ಯಾವ ಕಾನೂನಲ್ಲಿ ಮಗಳೇ?" ಮುದುಕ ಅಣಕಿಸಲಿಲ್ಲ. ಮಸೂದೆ ಬಿದ್ದ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದ್ದ, ತಿಳಿಯಲೆಂದೇ ಪ್ರಶ್ನೆ ಹಾಕಿದ.

ಮಸೋಜಿ ತಾನೇ ಹಗ್ಗಕ್ಕೆ ಕೈಹಾಕಿದಳು. ತೊವೆಲಾ ಎದ್ದು ಬಂದು ಆ ಕೈ ಹಿಡಿದಳು.

"ಬಿಚ್ಚಬೇಡಿ ಅಕ್ಕ. ಮಷೀನೂ ನೀವೇ ತಗೊಳ್ಳಿ, ಈ ಚಿಕ್ಕವಳೊಬ್ಬಳನ್ನ ನನ್ನ ಜೊತೆ ಕಳ್ಸಿ ಅಂತ ಚಿಕ್ಕಪ್ಪನೋರ ಕಾಲು ಹಿಡಿದು ಒಪ್ಪಿಸಿದೀನಿ. ದೊಡ್ಡ ಮಕ್ಕಳಿಬ್ರೂ ಇಲ್ಲೇ ಉಳೀತಾರೆ. ಈಗ ನೀವು ನಿಮ್ಮ ಪಾಲು ಬೇಡ ಅಂದ್ರೆ ಹಂಚಿಕೆ ಮುರೀತು ಅಂತ ಇವಳನ್ನೂ ಕಿತ್ಕೋತಾರೆ."

ಮಸೋಜಿ ಹಗ್ಗ ಬಿಟ್ಟಳು. "ಬಾ, ಬಸ್ಸಿನ ರಸ್ತೆ ತನಕ ಬಿಡ್ತೀನಿ," ಎಂದಳು.

"ಬೇಡ ಅಕ್ಕ. ನೆನ್ನೆ ಬಂದಿದ್ರೆ ಬರ್ತಿದ್ದೆ."

ತೊವೆಲಾ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಡೆದೇ ಹೊರಟಳು. ಅವಳು ಗದ್ದೆಯ ತಿರುವು ದಾಟುವ ತನಕ ಮಸೋಜಿ ನೋಡುತ್ತ ನಿಂತಳು. ಆಮೇಲೆ ಚಿಕ್ಕಪ್ಪ ಜೀಪಿನ ಹತ್ತಿರ ಬಂದ.

"ಗಂಟು ಗಟ್ಟಿಯಾಗಿದೆಯಾ ನೋಡ್ಕೊ ಮಗಳೇ. ದಾರಿ ಹಾಳಾಗಿದೆ."

ಮಸೋಜಿ ಎಳೆದು ನೋಡಿದಳು. ಗಟ್ಟಿಯಾಗಿತ್ತು.