ಮಾವನ ಹಸಿರು ಮಜ್ಜಿಗೆ

ನಮ್ಮ ಯಜಮಾನರು ಭಾಷಣಕ್ಕೆ ನಿಂತರೆ ಒಂದು ಮಾತನ್ನು ಮಾತ್ರ ಎಂದೂ ಬಿಡುತ್ತಿರಲಿಲ್ಲ. "ಇದು ಔಷಧಿಯಲ್ಲ, ಆಹಾರ. ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಯಾರಿಗೂ ತೊಂದರೆಯಿಲ್ಲ." ಚೆನ್ನೈನ ತ್ರಿಪ್ಲಿಕೇನಿನ ಒಂದು ಲಾಡ್ಜಿನ ಮಹಡಿಯ ಹಾಲಿನಲ್ಲಿ ಭಾನುವಾರದ ಸಭೆ. ಸೊಗಸಾದ ತಮಿಳಿನಲ್ಲಿ ಅವರು ಇದನ್ನು ಹೇಳಿದರೆ ಜನ ತಲೆಯಾಡಿಸುತ್ತಿದ್ದರು. ನಾನು ಹಿಂದಿನ ಕುರ್ಚಿಯಲ್ಲಿ ಕೂತು ಆಕಳಿಸುತ್ತಿದ್ದೆ.

ಅವರು ಮಾರುತ್ತಿದ್ದದ್ದು ಒಂದು ಹಸಿರು ಪುಡಿ. ನುಗ್ಗೆಸೊಪ್ಪು, ಎಳೆ ಗೋಧಿಹುಲ್ಲು, ನೀರಿನಲ್ಲಿ ಬೆಳೆಸಿದ ಸ್ಪಿರುಲಿನಾ ಎಂಬ ಪಾಚಿ. ಊರಲ್ಲಿ ಎಮ್ಮೆ ಬೇಲಿ ಹಾರಿ ತಿನ್ನುತ್ತಿದ್ದುದನ್ನೆಲ್ಲ ಒಣಗಿಸಿ ಡಬ್ಬಿಗೆ ತುಂಬಿದ್ದಾರೆ ಎಂದು ನಾನು ಛೇಡಿಸುತ್ತಿದ್ದೆ. ಹಾಗಂತ ಪುಡಿಯೇ ಸುಳ್ಳು ಎಂದರೆ ತಪ್ಪಾಗುತ್ತದೆ. ರಕ್ತ ಕಡಿಮೆಯಾಗಿ, ಮೈಲಾಪೂರಿನ ನಮ್ಮ ಫ್ಲಾಟಿನ ಮೆಟ್ಟಿಲು ಹತ್ತಲು ನಡುನಡುವೆ ಕೂರುತ್ತಿದ್ದ ಅತ್ತೆ ಶಂಕ್ರಮ್ಮ ಅದನ್ನೇ ಕುಡಿದು ಚೇತರಿಸಿಕೊಂಡರು. ಆಮೇಲೆ ಕೊತ್ತಂಬರಿ ಚೀಲ ಹಿಡಿದುಕೊಂಡೇ ಸಲೀಸಾಗಿ ಹತ್ತಿ ಬರುತ್ತಿದ್ದರು. ಅದನ್ನು ಕಣ್ಣಾರೆ ಕಂಡವಳು ನಾನು.

ತೊಂದರೆ ಬಂದದ್ದು ಮಾವನ ವಿಷಯದಲ್ಲಿ.

ಮಾವ ಸೋಮಲಿಂಗಪ್ಪ ಬಾಗಲಕೋಟೆ ಕಡೆಯವರು. ಸೌಕಾರ್‌ಪೇಟೆಯಲ್ಲಿ ಬಟ್ಟೆಯ ಸಗಟು ಅಂಗಡಿ ಇಟ್ಟು ಅರ್ಧ ಆಯುಸ್ಸು ಕಳೆದವರು. ಒಬ್ಬನೇ ಮಗ ಅಂಗಡಿಯಲ್ಲಿ ಕೂರಲಾರೆ ಎಂದು ಎದ್ದು ಹೋಗಿ ಪುಡಿ ಮಾರಲು ನಿಂತಾಗ ಅಂಗಡಿ ಮುಚ್ಚಿದರು. ಬಾಯಿಯನ್ನೂ ಮುಚ್ಚಿದರು. ಮಗ ಎದುರಿಗೇ ಕೂತಿದ್ದರೂ ನನ್ನನ್ನು ಕರೆದು "ಕೋಮಲಾ, ಅವಂಗ ಹೇಳು, ಫೋನ್ ಬಂದೈತಿ" ಎನ್ನುತ್ತಿದ್ದರು. ಮಗನೂ ಏನು ಕಮ್ಮಿಯಿಲ್ಲ. "ಕೇಳಿಸ್ತು ಅಂತ ಹೇಳು ಅಪ್ಪಾಗೆ." ಗಂಡಸರ ಹಟಕ್ಕೆ ಹೆಂಗಸರು ಅಂಚೆಯವರು! ಎಷ್ಟೋ ಸಲ ಇಬ್ಬರ ತಲೆಯನ್ನೂ ಹಿಡಿದು ಒಂದಕ್ಕೊಂದು ಕುಟ್ಟಬೇಕು ಅನ್ನಿಸುತ್ತಿತ್ತು.

ಒಂದು ದಿನ ನಮ್ಮವರು ಹೊಸ ಡಬ್ಬಿಯೊಂದನ್ನು ನನ್ನ ಮುಂದಿಟ್ಟು, "ಅಪ್ಪಾಗೂ ಕೊಡು" ಎಂದರು. ಮಾವ ಕಿಟಕಿಯಾಚೆ ಎಸೆಯುತ್ತಾರೆ ಅಂದುಕೊಂಡಿದ್ದೆ. ಅವರೋ ಡಬ್ಬಿಯನ್ನು ಪೂಜೆಯ ಕೋಣೆಗೆ ತೆಗೆದುಕೊಂಡು ಹೋದರು. ಅಂದಿನಿಂದ ದಿನಾ ಬೆಳಿಗ್ಗೆ ಬೆಳ್ಳಿ ಬಟ್ಟಲಿನ ಮಜ್ಜಿಗೆಗೆ ಒಂದು ದೊಡ್ಡ ಚಮಚ ಪುಡಿ ಕಲಸಿ, ಲಿಂಗಪೂಜೆಯಾದ ಮೇಲೆ ಅದನ್ನು ಲಿಂಗಕ್ಕೆ ಅರ್ಪಿಸಿ ಕುಡಿಯುತ್ತಿದ್ದರು. ಕುಡಿದು, ಬಟ್ಟಲಿಗೆ ನೀರು ಹಾಕಿ, ಬೆರಳಾಡಿಸಿ, ಆ ನೀರನ್ನೂ ಕುಡಿಯುತ್ತಿದ್ದರು. ಪ್ರಸಾದದ ಒಂದು ಕಣವನ್ನೂ ಚೆಲ್ಲಬಾರದು ಎಂಬುದು ನಮ್ಮಲ್ಲಿಯ ಕಟ್ಟುನಿಟ್ಟು. ಚೆನ್ನಾಗಿದೆ ಅಂತಲೂ ಹೇಳಲಿಲ್ಲ, ಚೆನ್ನಾಗಿಲ್ಲ ಅಂತಲೂ ಹೇಳಲಿಲ್ಲ. ನಮ್ಮವರು ಮಾತ್ರ ದಿನಾ ಷೂ ಹಾಕಿಕೊಳ್ಳುತ್ತಾ "ಅಪ್ಪ ಕುಡಿದ್ರಾ?" ಎಂದು ಕೇಳುವರು. ಕುಡಿದರು ಎಂದರೆ ಮುಖ ಅರಳುತ್ತಿತ್ತು. ನನಗೆ ಸಿಟ್ಟೂ ಬರುತ್ತಿತ್ತು, ಅಯ್ಯೋ ಪಾಪ ಅಂತಲೂ ಅನ್ನಿಸುತ್ತಿತ್ತು.

ಮಾವನ ಹೃದಯದಲ್ಲಿ ಲೋಹದ ಕವಾಟವಿದೆ. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲಿ ಎಂದು ರಕ್ತ ತೆಳುವಾಗಿಡುವ ಮಾತ್ರೆಯನ್ನು ಬದುಕಿರುವ ತನಕ ನುಂಗಬೇಕು. ಆ ವರ್ಷ ಯಾಕೋ ಮಾತ್ರೆ ನಾಟುತ್ತಲೇ ಇರಲಿಲ್ಲ. ಪ್ರತಿ ಪರೀಕ್ಷೆಯಲ್ಲೂ ರಕ್ತ ಬೇಕಾದ್ದಕ್ಕಿಂತ ಗಟ್ಟಿ. ಡಾಕ್ಟರು ಮಾತ್ರೆ ಏರಿಸಿದರು, ಮತ್ತೆ ಏರಿಸಿದರು, ಹುಬ್ಬು ಗಂಟಿಕ್ಕಿದರು.

ತಮಿಳರ ಮಾರ್ಗಳಿ, ನಮ್ಮ ಧನುರ್ಮಾಸದ ಒಂದು ಬೆಳಿಗ್ಗೆ. ಹೂವು ಕೊಡಲು ಪೂಜೆಯ ಕೋಣೆಗೆ ಹೋದೆ. ಮಾವನ ಎಡ ಅಂಗೈಯ ಮೇಲೆ ಲಿಂಗವಿತ್ತು. ನೋಡುತ್ತಿದ್ದಂತೆ ಆ ಕೈ ಮೆಲ್ಲಗೆ ವಾಲತೊಡಗಿತು. ಮಾವ ನನ್ನತ್ತ ತಿರುಗಿ ಏನೋ ಹೇಳಿದರು, ಮಾತು ತೊದಲಿತು. ಅವರ ಕಣ್ಣಲ್ಲಿ ಅಂಥ ಭಯವನ್ನು ನಾನು ಎಂದೂ ನೋಡಿರಲಿಲ್ಲ. ಆ ಭಯ ಸಾವಿನದಲ್ಲ, ಲಿಂಗ ನೆಲಕ್ಕೆ ಬೀಳುತ್ತದಲ್ಲ ಎಂಬುದು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ನಾನು ಹೂವು ಬಿಸಾಡಿ, ಅವರ ಅಂಗೈಯನ್ನೇ ಕೆಳಗಿನಿಂದ ನನ್ನೆರಡು ಕೈಯಲ್ಲಿ ಹಿಡಿದು ಮೇಲೆತ್ತಿ ಅತ್ತೆಯನ್ನು ಕೂಗಿದೆ.

ಆಸ್ಪತ್ರೆ ಸೇರುವಷ್ಟರಲ್ಲಿ ಕೈಗೆ ಶಕ್ತಿ ಮರಳಿತ್ತು, ಮಾತೂ ಸರಿಹೋಗಿತ್ತು. ಸಣ್ಣ ಹೆಪ್ಪೊಂದು ಮೆದುಳಿಗೆ ಹೋಗಿ ಕರಗಿದೆ, ಮುಂದಿನದು ಕರಗದೇ ಹೋಗಬಹುದು ಎಂದರು ಡಾಕ್ಟರು. ಆಮೇಲೆ ಮಾವನನ್ನು ತಮಿಳಿನಲ್ಲಿ ಕೇಳಿದರು:

"ಕೀರೆ ನಿರೈಯ ಸಾಪ್ಪಿಡ್ರೀಂಗಳಾ?" ಸೊಪ್ಪು ಜಾಸ್ತಿ ತಿನ್ನುತ್ತೀರಾ ಎಂದು.

"ಇಲ್ಲೈ" ಎಂದರು ಮಾವ.

"ವೇರೆ ಮರುಂದು?" ಬೇರೆ ಔಷಧಿ?

"ಇಲ್ಲೈ."

ನನಗೆ ಮೈಯೆಲ್ಲಾ ಉರಿದುಹೋಯಿತು. "ಮಾವಾರ, ಡಾಕ್ಟರ ಮುಂದ ಸುಳ್ಳು ಹೇಳ್ತೀರಲ್ಲ! ದಿನಾ ಕುಡಿಯೋ ಪುಡಿ?"

ಮಾವ ನಿಜವಾಗಿಯೂ ಬೆರಗಾಗಿ ನನ್ನನ್ನು ನೋಡಿದರು. "ನಾ ಯಾವಾಗ ಪುಡಿ ಕುಡದೀನವಾ? ನಾ ಪ್ರಸಾದ ತಗೊಂಡೀನಿ. ಲಿಂಗಕ್ಕ ಅರ್ಪಿಸಿದ ಮ್ಯಾಲೆ ಅದು ಸೊಪ್ಪು-ತಪ್ಪಲೂ ಅಲ್ಲ, ಔಷಧನೂ ಅಲ್ಲ."

ಅವರು ಸುಳ್ಳು ಹೇಳಿರಲಿಲ್ಲ. ಹುಟ್ಟಿದಾಗಿನಿಂದ ಕಲಿತದ್ದು ಅದೇ. ಅರ್ಪಿಸುವ ತನಕ ಪದಾರ್ಥ, ಅರ್ಪಿಸಿದ ಮೇಲೆ ಪ್ರಸಾದ. ಪ್ರಸಾದದ ಕುಲ ಕೇಳಬಾರದು, ರುಚಿ ಆಡಬಾರದು. ಪ್ರಸಾದ ಎಂಬ ಮಾತು ಕಿವಿಗೆ ಬಿದ್ದ ಡಾಕ್ಟರು ದೇವಸ್ಥಾನದ ಪೊಂಗಲ್ ಇರಬೇಕೆಂದು ಕೈಬೀಸಿದರು. ನಾನು ಬಿಡಲಿಲ್ಲ, ಪುಡಿಯಲ್ಲಿ ಏನೇನಿದೆ ಎಂದು ಒಂದೊಂದಾಗಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

ಸೊಪ್ಪಿನಲ್ಲಿರುವ ಒಂದು ಜೀವಸತ್ವ ರಕ್ತ ಹೆಪ್ಪುಗಟ್ಟಲು ಬೇಕಾದದ್ದು. ಮಾತ್ರೆ ಒಂದು ಕಡೆಗೆ ಎಳೆಯುತ್ತಿತ್ತು, ಪುಡಿ ಇನ್ನೊಂದು ಕಡೆಗೆ. ಈಗ ಒಮ್ಮೆಗೇ ಪುಡಿ ನಿಲ್ಲಿಸಿದರೆ, ಏರಿಸಿದ ಮಾತ್ರೆಯೇ ಮಿತಿಮೀರಿ ಎಲ್ಲಾದರೂ ರಕ್ತ ಒಸರೀತು. ಆದ್ದರಿಂದ ಎರಡನ್ನೂ ಜೊತೆಜೊತೆಗೆ, ಆಗಾಗ ರಕ್ತ ಪರೀಕ್ಷಿಸುತ್ತಾ ಇಳಿಸಬೇಕು. ಡಾಕ್ಟರು ಹೇಳಿದ್ದು ಇಷ್ಟು.

ಆದರೆ ಮಾವ ಒಪ್ಪಬೇಕಲ್ಲ? ಮನೆಗೆ ಬಂದು, "ಕೊಟ್ಟದ್ದನ್ನ ನಾ ಬ್ಯಾಡ ಅನ್ನಂಗಿಲ್ಲ" ಎಂದು ಗೋಡೆಗೆ ಮುಖ ಮಾಡಿ ಮಲಗಿದರು. ಅತ್ತೆ ಅತ್ತರು. ನನಗೆ ಮಾತ್ರ ಅಳುವಷ್ಟು ತಾಳ್ಮೆಯಿರಲಿಲ್ಲ.

"ಇವತ್ತು ನಾ ಬರೋದು ಒಂದು ಗಳಿಗೆ ತಡ ಆಗಿದ್ರ ನಿಮ್ಮ ಲಿಂಗ ನೆಲಕ್ಕ ಬೀಳ್ತಿತ್ತು. ನಾಳೆ ಯಾರು ಹಿಡೀತಾರ್ರೀ?"

ಅವರು ಹೊದಿಕೆಯನ್ನು ಕತ್ತಿನ ತನಕ ಎಳೆದುಕೊಂಡರು. ಆಮೇಲೆ ಗೋಡೆಗೇ ಹೇಳಿದರು: "ಅಂವ ನನ್ನ ಕೈಗೆ ಏನರ ಕೊಟ್ಟಿದ್ದು ಅದೊಂದ ಕೋಮಲಾ. ಬ್ಯಾಡ ಅನ್ನಾಕ ನನಗ ಬಾಯಿ ಬರಂಗಿಲ್ಲ. ಕೊಟ್ಟಾಂವನೇ ನಿಲ್ಲಿಸ್ಲಿ."

ಬಾಗಿಲ ಬಳಿ ನಮ್ಮವರು ನಿಂತಿದ್ದರು. ಕೇಳಿಸಿತು ಎಂದು ಅಪ್ಪನಿಗೆ ಹೇಳಲು ಈ ಸಲ ನನ್ನನ್ನು ಕರೆಯಲಿಲ್ಲ.

ಮರುದಿನ ಬೆಳಿಗ್ಗೆ ಅವರು ಸ್ನಾನ ಮಾಡಿ ಬಂದು, ಎಷ್ಟೋ ವರ್ಷದ ಮೇಲೆ ಅಪ್ಪನ ಪಕ್ಕ ಮಣೆ ಹಾಕಿ ಕೂತರು. ಡಾಕ್ಟರು ಹೇಳಿದ ಅಳತೆಯಂತೆ ಪುಡಿಯನ್ನು ತಾವೇ ಮಜ್ಜಿಗೆಗೆ ಹಾಕಿ ಕಲಸಿ ಅಪ್ಪನ ಮುಂದಿಟ್ಟರು. ಅರ್ಪಿಸಿದ ಮೇಲೆ ಬಿಡುವಂತಿಲ್ಲ, ಹಾಗಾಗಿ ಕಡಿಮೆ ಮಾಡುವುದೆಲ್ಲ ಅರ್ಪಿಸುವ ಮೊದಲೇ ಆಗಬೇಕಿತ್ತು. ದಿನ ಕಳೆದಂತೆ ಬಟ್ಟಲಿನ ಹಸಿರು ತಿಳಿಯಾಗುತ್ತಾ ಬಂತು. ಮಾತ್ರೆಯೂ ಇಳಿಯಿತು, ರಕ್ತ ಹದಕ್ಕೆ ಬಂತು. ಇಬ್ಬರೂ ಮಾತಾಡುತ್ತಿರಲಿಲ್ಲ, ಆದರೆ ದಿನಾ ಒಟ್ಟಿಗೆ ಕೂರುತ್ತಿದ್ದರು.

ಭಾನುವಾರದ ಸಭೆಗೂ ಒಮ್ಮೆ ಹೋದೆ. ನಮ್ಮವರು ಎದ್ದು ನಿಂತು, ರೂಢಿಯ ಮಾತಿಗೆ ಬಾಯಿ ತೆರೆದು, ತಡೆದುಕೊಂಡರು. "ಒಳ್ಳೆಯದು ಮಾಡುವ ಶಕ್ತಿ ಇರುವ ವಸ್ತುವಿಗೆ ಕೆಟ್ಟದ್ದು ಮಾಡುವ ಶಕ್ತಿಯೂ ಇರುತ್ತದೆ. ಮೊದಲು ನೀವು ಯಾವ ಮಾತ್ರೆ ನುಂಗುತ್ತಿದ್ದೀರಿ ಹೇಳಿ" ಎಂದರು. ಕೆಲವರು ಎದ್ದು ಹೋದರು. ನಾನು ಮೊದಲ ಸಲ ಆಕಳಿಸದೆ ಕೂತಿದ್ದೆ.

ಪೊಂಗಲ್ ಹಬ್ಬ ಕಳೆದು ಬಿಸಿಲು ಏರತೊಡಗಿದಾಗ ಒಂದು ಬೆಳಿಗ್ಗೆ ಬಟ್ಟಲಿನಲ್ಲಿ ಬರೀ ಬಿಳಿ ಮಜ್ಜಿಗೆಯಿತ್ತು. ಮಾವ ಅದನ್ನು ನೋಡಿದರು, ಮಗನನ್ನು ನೋಡಿದರು. ಅರ್ಪಿಸಿ ಕುಡಿದು, ಬಟ್ಟಲು ತೊಳೆದ ನೀರನ್ನೂ ಕುಡಿದು ಕೆಳಗಿಟ್ಟರು.

"ಶರಣಾ" ಎಂದು ಮಗನನ್ನೇ ಹೆಸರು ಹಿಡಿದು ಕರೆದರು.

ನಾನು ಹೂಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತೆ.

"ಪ್ರಸಾದದ ರುಚಿ ಆಡಬಾರದು, ಆಡಿಲ್ಲ. ಇನ್ನ ಅದು ಮುಗೀತಲ್ಲ, ಹೇಳ್ತೀನಿ. ಭಾಳ ಕೆಟ್ಟ ಇತ್ತೋ ನಿನ್ನ ಪುಡಿ. ಕೆರಿ ಪಾಚಿ ನೆಕ್ಕಿದಂಗ ಇತ್ತು."

ನಮ್ಮವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಮತ್ತ ದಿನಾ ಯಾಕ ಕುಡೀತಿದ್ರಿ ಅಪ್ಪಾ?"

"ನೀ ಕೊಟ್ಟಿದ್ದಲ್ಲೋ."

ಹಾಗೆಂದು ಮಾವ ಖಾಲಿ ಬಟ್ಟಲನ್ನು ಮಗನ ಕಡೆ ಸರಿಸಿದರು. "ಇದು ಚಲೋ ಐತಿ. ಇನ್ನೊಂದೀಟು ಹಾಕು."

ಪಾತ್ರೆಯಲ್ಲಿ ಮಜ್ಜಿಗೆ ಮುಗಿದಿತ್ತು. ನಾನು ನಿಂತಲ್ಲಿಂದ ಕದಲಲಿಲ್ಲ. ಮದುವೆಯಾದಾಗಿನಿಂದ ಅಡುಗೆಮನೆಯಲ್ಲಿ ಒಂದು ಲೋಟ ತೊಳೆದವರಲ್ಲ ನಮ್ಮವರು, ಕಣ್ಣೊರೆಸಿಕೊಳ್ಳುತ್ತಾ ಮೊಸರು ಕಡೆಯಲು ಒಳಗೆ ಓಡಿದರು.